ಜನ ಇಳಿದು ಬರುವಾಗಿನ ಜೋರ್ಡಾನ್ ಮೆಟ್ಟಿಲು

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆವಾ ನದಿಯ ದಂಡೆಯ ಮೇಲಿರುವ ಚಳಿಗಾಲದ ಅರಮನೆ ಇವತ್ತು ಹರ್ಮಿಟೇಜ್ ವಸ್ತುಸಂಗ್ರಹಾಲಯ. ಅಲ್ಲಿನ ಜೋರ್ಡಾನ್ ಮೆಟ್ಟಿಲಿನ ಫೋಟೊಗಳನ್ನು ನೀವೂ ಎಲ್ಲಾದರೂ ನೋಡಿರಬಹುದು. ಬಿಳಿ ಅಮೃತಶಿಲೆ, ಚಿನ್ನದ ಕುಸುರಿ, ಚಾವಣಿಯಲ್ಲಿ ಗ್ರೀಕ್ ದೇವತೆಗಳು; ಮನುಷ್ಯರು ಮಾತ್ರ ಇಲ್ಲ. ಅಂಥ ಫೋಟೊ ಎಷ್ಟೇ ಚೆಂದವಿರಲಿ, ನನಗದು ಅರೆಬರೆ. ಈ ಮೆಟ್ಟಿಲು ಕಟ್ಟಿದ್ದೇ ಜನ ಹತ್ತಿಳಿಯುವ ಸೊಬಗು ಕಾಣಲೆಂದು.

ಆ ಸೊಬಗನ್ನು ಇಡಿಯಾಗಿ ಹಿಡಿದವರು ಜರ್ಮನಿಯ ಛಾಯಾಗ್ರಾಹಕ ಟಿಲ್‌ಮನ್ ಬ್ಯೂಟ್ನರ್. 2001ರ ಡಿಸೆಂಬರ್ 23ರಂದು ನಿರ್ದೇಶಕ ಅಲೆಕ್ಸಾಂದರ್ ಸೊಕುರೊವ್ ‘ರಷ್ಯನ್ ಆರ್ಕ್’ ಸಿನಿಮಾವನ್ನು ಇದೇ ಅರಮನೆಯಲ್ಲಿ, ಒಂದೇ ಶಾಟ್‌ನಲ್ಲಿ, ನಡುವೆ ಎಲ್ಲೂ ಕತ್ತರಿ ಹಾಕದೆ ಮುಗಿಸಲು ಹೊರಟಿದ್ದರು. ವರ್ಷದ ಆ ಹೊತ್ತಿಗೆ ಆ ಊರಿನ ಹಗಲು ಆರು ತಾಸೂ ಇರುವುದಿಲ್ಲ; ಅಷ್ಟರೊಳಗೆ ಮುಗಿಸಬೇಕಿತ್ತು. ಮೂರು ಸಲ ಶುರುಮಾಡಿ ನಿಲ್ಲಿಸಬೇಕಾಯಿತು. ನಾಲ್ಕನೆಯ ಸಲ ಬ್ಯೂಟ್ನರ್ ಕ್ಯಾಮೆರಾ ಕುಲುಕದಂತೆ ಹಿಡಿಯುವ ಸ್ಟೆಡಿಕ್ಯಾಮನ್ನು ಮೈಗೆ ಬಿಗಿದುಕೊಂಡು, ಎರಡು ಸಾವಿರ ನಟರ ನಡುವೆ, ಒಂದೂವರೆ ತಾಸು ಕೋಣೆಯಿಂದ ಕೋಣೆಗೆ ನಡೆದರು. ಕೊನೆಗೆ ನೃತ್ಯಕೂಟ ಮುಗಿಸಿದ ಅತಿಥಿಗಳು ಸಾಗರದಂತೆ ಈ ಮೆಟ್ಟಿಲಿಗೆ ಬರುತ್ತಾರೆ. ರೇಷ್ಮೆಯ ನಿಲುವಂಗಿಗಳು, ಸೈನಿಕರ ಪೋಷಾಕು, ಪಿಸುಮಾತು. ಕ್ಯಾಮೆರಾ ಅವರೊಳಗೊಂದಾಗಿ ಇಳಿಯುತ್ತದೆ. ಅಷ್ಟು ಹೊತ್ತು ಭಾರ ಹೊತ್ತು ದಣಿದ ಕಾಲು ಅಲ್ಲಿ ತಪ್ಪಿದ್ದರೆ ಇಡೀ ಸಿನಿಮಾ ನೀರುಪಾಲಾಗುತ್ತಿತ್ತು. ಮೆಟ್ಟಿಲೊಂದನ್ನು ಇದಕ್ಕಿಂತ ಚೆನ್ನಾಗಿ ಚಿತ್ರೀಕರಿಸಿದ್ದನ್ನು ನಾನಂತೂ ನೋಡಿಲ್ಲ.

ಈ ಮೆಟ್ಟಿಲನ್ನು ಕಟ್ಟಿದವನು ವಾಸ್ತುಶಿಲ್ಪಿ ರಾಸ್ಟ್ರೆಲ್ಲಿ, 18ನೇ ಶತಮಾನದ ನಡುವಿನಲ್ಲಿ. ಆಗ ಇದು ರಾಯಭಾರಿಗಳ ಮೆಟ್ಟಿಲು. ಕ್ರಿಸ್ತನ ದೀಕ್ಷಾಸ್ನಾನದ ಹಬ್ಬದ ದಿನ ಸಾಮ್ರಾಟ ಇಲ್ಲಿಂದಲೇ ಇಳಿದು, ಹೆಪ್ಪುಗಟ್ಟಿದ ನೆವಾದಲ್ಲಿ ಕೊರೆದ ಕುಳಿಯ ಬಳಿ ನಡೆಯುವ ಜಲಪೂಜೆಗೆ ಹೋಗುತ್ತಿದ್ದ. ಹಾಗಾಗಿ ಕ್ರಿಸ್ತ ದೀಕ್ಷಾಸ್ನಾನ ಪಡೆದ ಜೋರ್ಡಾನ್ ನದಿಯ ಹೆಸರು ಇದಕ್ಕೆ ಬಂತು. 1837ರ ಡಿಸೆಂಬರಿನ ಬೆಂಕಿಯಲ್ಲಿ ಅರಮನೆ ಸುಟ್ಟುಹೋಯಿತು. ಮರುನಿರ್ಮಾಣದ ಹೊಣೆ ಹೊತ್ತ ವಾಸಿಲಿ ಸ್ತಾಸೊವ್ ರಾಸ್ಟ್ರೆಲ್ಲಿಯ ವಿನ್ಯಾಸವನ್ನು ಬಹುಮಟ್ಟಿಗೆ ಉಳಿಸಿಕೊಂಡ. ಆದರೆ ಗುಲಾಬಿ ಬಣ್ಣದ ಕಂಬಗಳ ಜಾಗಕ್ಕೆ ಬೂದು ಗ್ರಾನೈಟ್ ಬಂತು, ಚಿನ್ನದ ಲೇಪದ ಕಂಚಿನ ಕಟಕಟೆಯ ಜಾಗಕ್ಕೆ ಬಿಳಿ ಅಮೃತಶಿಲೆ. ಸುಟ್ಟುಹೋದ ಚಾವಣಿಯ ಚಿತ್ರಕ್ಕೆ ಬದಲಾಗಿ ಗ್ಯಾಸ್ಪಾರೊ ದಿಜಿಯಾನಿಯ ‘ಒಲಿಂಪಸ್’ ಮೇಲೇರಿತು.

ಫೋಟೊ ತೆಗೆಯುವವರಿಗೆ ಇಲ್ಲಿನ ಬೆಳಕೇ ದೊಡ್ಡ ಪಾಠ. ಒಂದು ಬದಿಯ ಕಿಟಕಿಗಳಿಂದ ಒಳಬಂದ ಬೆಳಕು ಎದುರಿನ ಕನ್ನಡಿಗಳಿಗೆ ತಾಗಿ ಮರಳುತ್ತದೆ. ಬಿಳಿ ಕಲ್ಲು ಅದನ್ನು ಎಲ್ಲೆಡೆ ಹರಡುತ್ತದೆ. ಫ್ಲ್ಯಾಶ್ ಹಾಕಿದರೆ ಇದಿಷ್ಟೂ ಹಾಳು. ಇಷ್ಟೊಂದು ಬಿಳುಪು ಕಂಡ ಕ್ಯಾಮೆರಾ ಚಿತ್ರವನ್ನು ಮಂಕಾಗಿಸುತ್ತದೆ, ಎಕ್ಸ್‌ಪೋಷರ್ ಸ್ವಲ್ಪ ಏರಿಸಬೇಕು. ಕೆಳಗಿನಿಂದ ಎತ್ತಿ ಹಿಡಿದರೆ ಕಂಬಗಳು ಒಳಕ್ಕೆ ವಾಲುತ್ತವೆ. ಮೆಟ್ಟಿಲು ಎರಡಾಗಿ ಕವಲೊಡೆದು ಸೇರುವ ಮೇಲಿನ ಅಂತಸ್ತಿನಿಂದ ಕೆಳಗೆ ನೋಡುತ್ತ ತೆಗೆದರೆ ಆ ತೊಂದರೆ ಕಡಿಮೆ, ಹತ್ತಿ ಬರುವವರ ಮುಖವೂ ಸಿಗುತ್ತದೆ.

ರಾಜರು ಹೋದರು, ಆ ನೃತ್ಯಕೂಟಗಳೂ ಹೋದವು. ಈಗ ಇಲ್ಲಿ ಹತ್ತುವುದು ಶಾಲಾಮಕ್ಕಳು, ಪ್ರವಾಸಿಗರು, ಕೋಲೂರಿಕೊಂಡು ನಿಧಾನವಾಗಿ ಬರುವ ಅಜ್ಜಿಯರು. ನೀವು ಹೋದರೆ, ಜಾಗ ಖಾಲಿಯಾಗಲಿ ಎಂದು ಕಾಯಬೇಡಿ. ಅವರನ್ನೂ ಸೇರಿಸಿಕೊಂಡೇ ಕ್ಲಿಕ್ಕಿಸಿ. ಹೋಗಲಾಗದವರು ‘ರಷ್ಯನ್ ಆರ್ಕ್’ನ ಕೊನೆಯ ಹತ್ತು ನಿಮಿಷವನ್ನಾದರೂ ನೋಡಿ.