ನೆಲದಡಿಯ ನೀರು ಯಾರದು?

ದಾವಣಗೆರೆ ಜಿಲ್ಲೆಯ ತಾಲೂಕುಗಳಿಗೆ ನೀರಿನ ಭಾಗ್ಯವು ಸಮನಾಗಿ ಒದಗಿಲ್ಲ. ಹೊನ್ನಾಳಿ, ನ್ಯಾಮತಿಗಳ ಸೀಮೆಯಲ್ಲಿ ತುಂಗಭದ್ರೆ ಹರಿಯುತ್ತದೆ. ಚನ್ನಗಿರಿಗೆ ವಿಶಾಲವಾದ ಸೂಳೆಕೆರೆಯೂ ಭದ್ರಾ ನಾಲೆಯೂ ಇವೆ. ಜಗಳೂರಿಗೆ ಇಂತಹ ಆಸರೆಯಿಲ್ಲ. ಅಲ್ಲಿ ಮಳೆಯೂ ಕಡಿಮೆ. ಆದರೂ ಒಂದು ವಿಷಯದಲ್ಲಿ ಇವೆಲ್ಲವೂ ಸಮಾನ. ನದಿ, ನಾಲೆಗಳಿಂದ ದೂರವಿರುವ ರೈತನು ಎಲ್ಲೆಡೆಯೂ ಕೊಳವೆ ಬಾವಿಯನ್ನೇ ನಂಬಿದ್ದಾನೆ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಅದು ಬತ್ತಿದರೆ, ಮರಗಳನ್ನು ಉಳಿಸಿಕೊಳ್ಳಲು ಟ್ಯಾಂಕರ್ ನೀರನ್ನು ಕೊಳ್ಳಬೇಕಾಗುತ್ತದೆ.

ನೆಲದಡಿಯಲ್ಲಿ ನೀರು ಹೇಗೆ ನಿಂತಿರುತ್ತದೆ? ಅಲ್ಲಿ ದೊಡ್ಡ ಹೊಳೆಯೊಂದು ಹರಿಯುತ್ತಿದೆಯೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಈ ಪ್ರದೇಶದ ಅಡಿಪಾಯ ಗಟ್ಟಿಯಾದ ಶಿಲೆ. ಮೇಲ್ಭಾಗದ ಶಿಥಿಲವಾದ ಪದರದಲ್ಲಿ ಹಾಗೂ ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ಸಂಗ್ರಹವಾಗುತ್ತದೆ. ಸುರಿದ ಮಳೆಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಅಲ್ಲಿಗೆ ಇಳಿಯುತ್ತದೆ. ಉಳಿದುದು ಹರಿದುಹೋಗುತ್ತದೆ, ಇಲ್ಲವೆ ಆವಿಯಾಗುತ್ತದೆ.

ಪಂಪು ನೀರನ್ನೆತ್ತತೊಡಗಿದಾಗ ಬಾವಿಯ ಸುತ್ತಲಿನ ನೀರಿನ ಮಟ್ಟವು ಲಾಳಿಕೆಯ ಆಕಾರದಲ್ಲಿ ಕುಸಿಯುತ್ತದೆ. ನೆರೆಹೊಲದ ಬಾವಿಯು ಅದೇ ಬಿರುಕನ್ನು ಆಶ್ರಯಿಸಿದ್ದರೆ ಅದಕ್ಕೂ ನೀರು ತಗ್ಗುತ್ತದೆ. ಆಗ ಅವನು ಇನ್ನೂ ಆಳಕ್ಕೆ ಕೊರೆಸುತ್ತಾನೆ. ಇವನು ಅವನಿಗಿಂತಲೂ ಆಳಕ್ಕೆ. ಈ ಪೈಪೋಟಿಯಲ್ಲಿ ಗೆದ್ದವನೂ ಸಾಲಗಾರನಾಗುತ್ತಾನೆ. ಊರಿನ ಕುಡಿಯುವ ನೀರಿನ ಬಾವಿ ಬರಿದಾಗುತ್ತದೆ. ಬಂಡೆಯೊಡನೆ ಬಹುಕಾಲ ಬೆರೆತಿದ್ದ ನೀರಿನಲ್ಲಿ ಫ್ಲೋರೈಡ್ ಸೇರಿರುವುದೂ ಉಂಟು. ಜಗಳೂರು ಈ ತೊಂದರೆಯನ್ನು ಬಲ್ಲ ತಾಲೂಕು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಮಿಗಿಂತ ಹೆಚ್ಚಾದರೆ ಹಲ್ಲುಗಳಿಗೂ ಎಲುಬುಗಳಿಗೂ ಹಾನಿಯಾಗಬಹುದು.

ನೆಲ ಯಾರದೋ ಅದರಡಿಯ ನೀರೂ ಅವರದೆಂಬ ಭಾವನೆ ನಮ್ಮಲ್ಲಿ ಹಳೆಯದು. 1882ರ ಅನುಭೋಗದ ಹಕ್ಕುಗಳ ಕಾಯಿದೆಯೂ ತನ್ನ ಜಮೀನಿನ ಅಡಿಯ ನೀರನ್ನು ಸಂಗ್ರಹಿಸಿಕೊಳ್ಳುವ ಹಕ್ಕನ್ನು ಒಡೆಯನಿಗೆ ಮನ್ನಿಸಿತು. ಆದರೆ ಬಂಡೆಯ ಬಿರುಕು ಹೊಲದ ಬದುವನ್ನು ಅರಿಯದು. ಈ ಸತ್ಯವನ್ನು ಮನಗಂಡು ಕರ್ನಾಟಕವು ಎರಡು ಕಾಯಿದೆಗಳನ್ನು ರೂಪಿಸಿತು. 1999ರ ಕಾಯಿದೆಯಂತೆ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರುಗಳ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. 2011ರ ಕಾಯಿದೆಯಂತೆ, ಅಂತರ್ಜಲವು ಅತಿಯಾಗಿ ಬಳಕೆಯಾದ ಪ್ರದೇಶಗಳನ್ನು ಸರ್ಕಾರವು ಅಧಿಸೂಚನೆಯ ಮೂಲಕ ಗುರುತಿಸುತ್ತದೆ. ಅಲ್ಲಿ ಹೊಸ ಬಾವಿಗೆ ಅನುಮತಿ ಬೇಕು. ಕೊರೆಯುವ ಯಂತ್ರಗಳಿಗೂ ನೋಂದಣಿ ಬೇಕು. ನೀರಿಲ್ಲವೆಂದು ಬಿಟ್ಟ ಕೊಳವೆ ಬಾವಿಗಳು ಮಕ್ಕಳ ಪ್ರಾಣಕ್ಕೇ ಎರವಾದುದರಿಂದ, ಅವುಗಳನ್ನು ಮುಚ್ಚಿ ಭದ್ರಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನಿರ್ದೇಶಿಸಿತು.

ಕಾಯಿದೆಯು ಬಾವಿಗಳಿಗೆ ಮಿತಿ ಹಾಕಬಲ್ಲುದೇ ಹೊರತು ನೀರನ್ನು ಸೃಷ್ಟಿಸಲಾರದು. ರಾತ್ರೋರಾತ್ರಿ ಬಂದು ಕೊರೆದುಹೋಗುವ ಯಂತ್ರವನ್ನು ಅಧಿಕಾರಿಗಳು ಪ್ರತಿ ಊರಿನಲ್ಲಿಯೂ ಕಾಯಲಾರರು. ಒಂದು ಕಡೆ ಬಳಕೆಗೆ ಮಿತಿ, ಇನ್ನೊಂದು ಕಡೆ ಜಲಮರುಪೂರಣ, ಎರಡೂ ಜೊತೆಜೊತೆಯಾಗಿ ಸಾಗಬೇಕು. ಜಗಳೂರು ತಾಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಹರಿಸುವ ಯೋಜನೆ ಈ ದಾರಿಯದು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೂ ಜೀವ ಬರುತ್ತದೆ. ಹೂಳು ತೆಗೆಯುವುದು, ಬದು ಹಾಕುವುದು, ಹನಿ ನೀರಾವರಿ, ಕಡಿಮೆ ನೀರಿನ ಬೆಳೆ ಇವು ರೈತನ ಕೈಯಲ್ಲಿಯೇ ಇರುವ ಉಪಾಯಗಳು.

ನಮ್ಮ ಹಿರಿಯರು ಕೆರೆಯನ್ನು ಊರಿನ ಆಸ್ತಿಯೆಂದು ಬಗೆದು ಕಾಪಾಡಿದರು, ಏಕೆಂದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅಂತರ್ಜಲವು ಕಣ್ಣಿಗೆ ಕಾಣದ ಕೆರೆ. ಅದನ್ನೂ ಊರಿನ ಆಸ್ತಿಯೆಂದು ಬಗೆದಾಗಲೇ ನಮ್ಮ ಬಾವಿಗಳಲ್ಲಿ ನೀರು ಉಳಿದೀತು.