ಕಾರು ಚಾಲೂ ಆಗದಿದ್ದರೆ

ಕಲ್ಮಲದಲ್ಲಿ ಒಂದು ಬೆಳಗಿನ ಜಾವ ನೆರೆಮನೆಯ ಹೆಣ್ಣುಮಗಳನ್ನು ಹೆರಿಗೆಗೆಂದು ರಾಯಚೂರಿಗೆ ಕರೆದೊಯ್ಯಬೇಕಾಯಿತು. ನನ್ನ ಕಾರಿನ ಕೀಲಿ ತಿರುಗಿಸಿದೆ. 'ಟಕ್' ಎಂದಿತೇ ಹೊರತು ಎಂಜಿನ್ ಏಳಲಿಲ್ಲ. ಬ್ಯಾಟರಿಯನ್ನು ಹೊಸದಾಗಿ ಹಾಕಿಸಿ ನಾಲ್ಕು ದಿನವೂ ಆಗಿರಲಿಲ್ಲ. ದೈವವಶಾತ್ ಹಾಲಿನ ವ್ಯಾನು ಬಂದಿತು. ತಾಯಿ, ಕೂಸು ಇಬ್ಬರೂ ಕ್ಷೇಮ. ಆದರೆ ಹಾಗೆ ವ್ಯಾನು ಬಾರದಿದ್ದರೆ? ಈ ಪ್ರಶ್ನೆಯೇ ನನ್ನಿಂದ ಈ ಲೇಖನ ಬರೆಯಿಸಿದೆ.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಜೋಳವನ್ನು ಬೆಳೆಯದು; ಬೆಳೆದುದನ್ನು ಕಾಯ್ದಿಡುತ್ತದೆ. ಬ್ಯಾಟರಿಯೂ ಅಂತಹುದೇ. ಸೀಸದ ತಗಡು, ಗಂಧಕಾಮ್ಲಗಳ ಈ ಬಗೆಯ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ನಿರ್ಮಿಸಿದನು. ಸುಮಾರು ಎರಡೆರಡು ವೋಲ್ಟಿನ ಆರು ಕೋಶಗಳು ಸೇರಿ ಕಾರಿಗೆ ಬೇಕಾದ 12 ವೋಲ್ಟ್ ದೊರೆಯುತ್ತದೆ. ಎಂಜಿನ್ನನ್ನು ಎಬ್ಬಿಸುವ 'ಸೆಲ್ಫ್' ಮೋಟಾರು ಆ ಸಂಗ್ರಹದಿಂದ ಒಮ್ಮೆಲೇ ಬಹಳಷ್ಟನ್ನು ಸೆಳೆಯುತ್ತದೆ. ಮರಳಿ ತುಂಬಿಸುವ ಹೊಲವೇ ಆಲ್ಟರ್ನೇಟರ್. ಅದನ್ನು ಎಂಜಿನ್ ಒಂದು ಬೆಲ್ಟಿನಿಂದ ತಿರುಗಿಸುತ್ತದೆ. ಹೊಲ ಬರಡಾದರೆ ಹೊಸ ಹಗೇವು ತೋಡಿ ಫಲವೇನು?

ಆದುದರಿಂದ, ಓದುಗರೇ, ಹಣ ತೆರುವ ಮೊದಲು ಮೂರು ಪರೀಕ್ಷೆಗಳನ್ನು ಮಾಡಿರಿ.

ಮೊದಲನೆಯದು ಟರ್ಮಿನಲ್ಲುಗಳದು. ಅವು ಸಡಿಲವಾಗಿದ್ದರೆ, ಇಲ್ಲವೆ ಬಿಳಿಯ ಪುಡಿ ಕಟ್ಟಿದ್ದರೆ ತುಂಬಿದ ಬ್ಯಾಟರಿಯೂ ಕೆಲಸಕ್ಕೆ ಬಾರದು. ಎಂಜಿನ್ ನಿಲ್ಲಿಸಿ, ಮೊದಲು ಋಣ ತಂತಿಯನ್ನು ಕಳಚಿ, ಉಜ್ಜಿ ಬಿಗಿಯಿರಿ. ಜೋಡಿಸುವಾಗ ಋಣ ತಂತಿಯೇ ಕೊನೆಗೆ.

ಎರಡನೆಯದು ಬ್ಯಾಟರಿಯದು. ಹೆಡ್‌ಲೈಟ್ ಹಚ್ಚಿ ಕೀಲಿ ತಿರುಗಿಸಿರಿ. ದೀಪ ತೀರ ಮಂಕಾದರೆ ಬ್ಯಾಟರಿ ಬರಿದಾಗಿರುವ ಸಂಭವ ಹೆಚ್ಚು. ದೀಪ ಚೆನ್ನಾಗಿ ಉರಿಯುತ್ತಿದ್ದೂ ಎಂಜಿನ್ ತಿರುಗದಿದ್ದರೆ ಸೆಲ್ಫನ್ನೂ ಅದರ ತಂತಿಯನ್ನೂ ತೋರಿಸಬೇಕು. ಮಲ್ಟಿಮೀಟರ್ ಇದ್ದರೆ, ರಾತ್ರಿಯೆಲ್ಲ ನಿಂತ ಕಾರಿನ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರುತ್ತದೆ; 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದಾಗಿದೆ.

ಮೂರನೆಯದನ್ನೇ ನಾನು ಮರೆತಿದ್ದುದು. ಎಂಜಿನ್ ನಡೆಯುತ್ತಿರುವಾಗ ಅಳೆದರೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಏರದೆ 12ರ ಆಸುಪಾಸಿನಲ್ಲೇ ಉಳಿದರೆ, ಅಥವಾ ಬ್ಯಾಟರಿಯ ಚಿತ್ರವುಳ್ಳ ಕೆಂಪು ದೀಪ ಆರದಿದ್ದರೆ, ದೋಷ ಆಲ್ಟರ್ನೇಟರಿನಲ್ಲಿ ಅಥವಾ ಬೆಲ್ಟಿನಲ್ಲಿ. ನನ್ನ ಕಾರಿನಲ್ಲಿ ಸವೆದ ಬೆಲ್ಟ್ ಜಾರುತ್ತಿತ್ತು. ಬ್ಯಾಟರಿಯ ಬೆಲೆಗೆ ಹೋಲಿಸಿದರೆ ಬೆಲ್ಟಿನದು ಅಲ್ಪವೆಚ್ಚ!

ಮೂರೂ ಸರಿಯಿದ್ದು ಮತ್ತೆ ಮತ್ತೆ ಬರಿದಾಗುತ್ತಿದ್ದರೆ, ಒಳಗಿನ ದೀಪ ಉರಿದೇ ಉಳಿದಿತ್ತೇ ನೋಡಿರಿ, ಬ್ಯಾಟರಿಗೆ ವಯಸ್ಸಾಗಿರಲೂಬಹುದು. ರಾಯಚೂರು ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಶಾಖ ಬ್ಯಾಟರಿಯ ಆಯುಷ್ಯವನ್ನು ಕುಗ್ಗಿಸುತ್ತದೆ. ಮುಚ್ಚಳ ತೆರೆಯುವ ಬಗೆಯದಾದರೆ ಗೆರೆಯವರೆಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಿರಿ. ಲವಣವುಳ್ಳ ಬಾವಿಯ ನೀರು ಸಲ್ಲದು.

ಎರಡು ಎಚ್ಚರಿಕೆಯ ಮಾತು. ಎಂಜಿನ್ ನಡೆಯುವಾಗ ಬ್ಯಾಟರಿಯ ತಂತಿ ಕಳಚಿ ಪರೀಕ್ಷಿಸುವ ಹಳೆಯ ರೂಢಿ ಬೇಡ. ಆಲ್ಟರ್ನೇಟರಿನ ಡಯೋಡುಗಳು ಸುಟ್ಟಾವು. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಬೆಂಕಿ ತಗಲಿದರೆ ಸಿಡಿಯುತ್ತದೆ. ಹತ್ತಿರ ಬೀಡಿ, ಕಡ್ಡಿ ಗೀರದಿರಿ.

ತಿಂಗಳಿಗೊಮ್ಮೆ, ಹೊತ್ತು ಮುಳುಗುವ ಮುನ್ನ, ಬಾನೆಟ್ ಎತ್ತಿ ನೋಡಿರಿ. ಅಪರಾತ್ರಿಯಲ್ಲಿ ನೆರೆಯವರು ಬಾಗಿಲು ತಟ್ಟಿದಾಗ ಕಾರು ನಿಮ್ಮ ಮಾತು ಕೇಳೀತು.