ವಿದ್ಯುತ್ ಒಲೆಯ ಅಳವಡಿಕೆಯೂ ಭೂಸಂಪರ್ಕದ ಪರೀಕ್ಷೆಯೂ

ಕೃಷ್ಣೆಯ ಆಚೆ ದಡದಲ್ಲಿ ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವಿದೆ. ಈಚೆಗೆ ಗದ್ವಾಲಿನ ಹತ್ತಿರ, ತಲಾ 39 ಮೆಗಾವಾಟಿನ ಆರು ಘಟಕಗಳುಳ್ಳ ಜುರಾಲಾ ಜಲವಿದ್ಯುದಾಗಾರವಿದೆ. ಇವೆರಡರ ನಡುವಿನ ನಮ್ಮ ಸೀಮೆಯಲ್ಲಿ, ನಾರಾಯಣಪೇಟೆಯಿಂದ ಮಕ್ತಲ್‌ವರೆಗೆ, ಸುರುಳಿ ಒಲೆ, ಇಂಡಕ್ಷನ್ ಒಲೆ, ಅನ್ನದ ಕುಕ್ಕರುಗಳು ಮನೆಗಳಿಗೂ ಶಾಲೆಯ ಅಡುಗೆಕೋಣೆಗಳಿಗೂ ಬರುತ್ತಿವೆ. ಗೃಹ ವಿದ್ಯುನ್ಮಂಡಲದ ಪಾಠವನ್ನು ಬೋಧಿಸುವ ಶಿಕ್ಷಕರಿಗೆ ಇದು ಒಳ್ಳೆಯ ಉದಾಹರಣೆ. ಶಾಲೆಯ ಅಡುಗೆಕೋಣೆಯ ಹೊಣೆ ಹೊತ್ತ ಮುಖ್ಯೋಪಾಧ್ಯಾಯರಿಗಾದರೋ ಇದು ಉದಾಹರಣೆಗಿಂತ ಹೆಚ್ಚಿನದು. ಅಲ್ಲಿ ಒದ್ದೆ ಕೈ, ಒದ್ದೆ ನೆಲ ಮತ್ತು ಲೋಹದ ಪಾತ್ರೆಗಳು ದಿನವೂ ಒಂದೆಡೆ ಸೇರುತ್ತವೆ.

ಮೊದಲು ಒಲೆಯ ಹೊರೆಯನ್ನು ನೋಡೋಣ. 2000 ವಾಟಿನ ಒಲೆಯು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಆದ್ದರಿಂದ 6 ಆಂಪಿಯರಿನ ಸಾಕೆಟ್ ಅದಕ್ಕೆ ಸಲ್ಲದು, 16 ಆಂಪಿಯರಿನದೇ ಬೇಕು. ಎರಡು ಉರಿಯ 3500 ವಾಟಿನ ಒಲೆಗೆ 15 ಆಂಪಿಯರಿಗೂ ಮೇಲ್ಪಟ್ಟ ಪ್ರವಾಹ ಬೇಕಾಗುವುದರಿಂದ ಮುಖ್ಯ ಫಲಕದಿಂದಲೇ ಪ್ರತ್ಯೇಕ ತಂತಿ ಎಳೆಯಬೇಕು. ಇಷ್ಟನ್ನು ಬಹುತೇಕ ವೈರ್‌ಮನ್‌ಗಳು ಬಲ್ಲರು. ತೊಡಕಿರುವುದು ಮೂರನೆಯ ತಂತಿಯಲ್ಲಿ.

ಸಜೀವ ತಂತಿ ಅಥವಾ ತಟಸ್ಥ ತಂತಿ ಕಡಿದರೆ ಒಲೆ ಬಿಸಿಯಾಗುವುದಿಲ್ಲ, ದೋಷವು ತಾನಾಗಿಯೇ ತಿಳಿಯುತ್ತದೆ. ಹಸಿರು ಬಣ್ಣದ ಭೂಸಂಪರ್ಕ ತಂತಿ ಕಡಿದರೆ ಒಲೆ ಎಂದಿನಂತೆಯೇ ಉರಿಯುತ್ತದೆ, ಅನ್ನ ಎಂದಿನಂತೆಯೇ ಬೇಯುತ್ತದೆ. ಅವಘಡದ ದಿನದವರೆಗೆ ಆ ತಂತಿಗೆ ಕೆಲಸವೇ ಇಲ್ಲ. ಹೀಗಾಗಿ ಒಲೆ ಸರಿಯಾಗಿ ಉರಿಯುತ್ತಿದೆ ಎಂಬುದರಿಂದ ಅದರ ಸುರಕ್ಷತೆ ಸಿದ್ಧವಾಗದು. ‘ಎರ್ತ್ ಉಂದಿ ಸಾರ್’ ಎಂಬ ಉತ್ತರವೂ ಸಾಲದು. ಎಷ್ಟು ಓಮ್ ಎಂದು ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಮರುಪ್ರಶ್ನೆ ಹಾಕಬೇಕು.

ಈ ಮರುಪ್ರಶ್ನೆಯ ಅಗತ್ಯವನ್ನು ಓಮನ ನಿಯಮವೇ ತೋರಿಸುತ್ತದೆ. ಒಲೆಯೊಳಗೆ ಸಜೀವ ತಂತಿ ಸಡಿಲಗೊಂಡು ಲೋಹದ ಹೊರಮೈಗೆ ತಾಗಿತೆಂದು ಭಾವಿಸೋಣ. ಪ್ರವಾಹವು ಭೂಮಿಯ ಮೂಲಕ ಪರಿವರ್ತಕಕ್ಕೆ ಮರಳುವ ಮಾರ್ಗದ ಒಟ್ಟು ರೋಧ 20 ಓಮ್ ಇರಲಿ. ಆಗ ಹರಿಯುವ ಪ್ರವಾಹ 11.5 ಆಂಪಿಯರ್ ಮಾತ್ರ. ಫಲಕದಲ್ಲಿರುವ 16 ಆಂಪಿಯರಿನ ಎಂ.ಸಿ.ಬಿ.ಗೆ ಇದು ದೋಷವೆಂದೇ ತೋರುವುದಿಲ್ಲ, ಸಾಮಾನ್ಯ ಹೊರೆಯೆಂದು ಬಗೆದು ಅದು ಸುಮ್ಮನಿರುತ್ತದೆ. ಒಲೆಯ ಮೈಮೇಲೆ ಪ್ರಾಣಾಪಾಯದ ವೋಲ್ಟೇಜು ಹಾಗೆಯೇ ಉಳಿಯುತ್ತದೆ. ಬಿ ಮಾದರಿಯ ಅದೇ ಎಂ.ಸಿ.ಬಿ. ಆ ಕ್ಷಣದಲ್ಲೇ ಕಡಿತಗೊಳಿಸುವುದು ಖಚಿತವಾಗಬೇಕಾದರೆ 80 ಆಂಪಿಯರ್ ಹರಿಯಬೇಕು, ಅಂದರೆ ಮಾರ್ಗದ ರೋಧ 2.9 ಓಮಿನೊಳಗಿರಬೇಕು. ಒಂದೇ ಕೊಳವೆ ಹೂತ ಗುಂಡಿಯಿಂದ ನಮ್ಮ ನೆಲದಲ್ಲಿ ಇದು ದುಸ್ಸಾಧ್ಯ. ಕೆಂಪು ಮರಳು ಮಿಶ್ರಿತ ಭೂಮಿಯೂ ಬಂಡೆಯ ನೆಲವೂ ಬೇಸಿಗೆಯಲ್ಲಿ ಪ್ರವಾಹಕ್ಕೆ ಹೆಚ್ಚಿನ ತಡೆ ಒಡ್ಡುತ್ತವೆ. ಎರೆಭೂಮಿ ಮಳೆಗಾಲದಲ್ಲಿ ಉತ್ತಮವೇ ಆದರೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿರುಕುಬಿಟ್ಟು ಕೊಳವೆಯಿಂದ ಸರಿದು ನಿಲ್ಲುತ್ತದೆ. ಭೂರೋಧವನ್ನು ಬೇಸಿಗೆಯಲ್ಲಿಯೇ ಅಳೆಯಬೇಕೆನ್ನುವುದಕ್ಕೆ ಇದು ಕಾರಣ. ಶ್ರಾವಣದಲ್ಲಿ ಅಳೆದ ಅಂಕಿ ನಮ್ಮನ್ನು ಸುಳ್ಳು ಸಮಾಧಾನಕ್ಕೆ ದೂಡೀತು.

ಈ ಕೊರತೆಯನ್ನು ತುಂಬುವುದು ಆರ್.ಸಿ.ಸಿ.ಬಿ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದೊಡನೆ ಅದು ಸಂಪರ್ಕವನ್ನು ಕಡಿಯುತ್ತದೆ. ಭೂಸಂಪರ್ಕದ ರೋಧ 100 ಓಮ್ ಇದ್ದರೂ ಆ ಪ್ರವಾಹಕ್ಕೆ ಒಲೆಯ ಮೈಮೇಲಿನ ವೋಲ್ಟೇಜು 3 ಮಾತ್ರ. ಭೂಸಂಪರ್ಕವೇ ಇಲ್ಲದಿದ್ದರೆ ಆರ್.ಸಿ.ಸಿ.ಬಿ. ಕಾಯುವುದು ಯಾರಾದರೂ ಒಲೆಯನ್ನು ಮುಟ್ಟುವವರೆಗೆ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಒತ್ತಿದಾಗ ಅದು ಬಿದ್ದರೆ ಯಂತ್ರವು ಚಲಿಸುತ್ತದೆಂದು ತಿಳಿಯುತ್ತದೆಯೇ ಹೊರತು ಭೂಸಂಪರ್ಕ ಇದೆಯೆಂದು ತಿಳಿಯುವುದಿಲ್ಲ.

ಇಲ್ಲಿ ಒಂದು ಕೆಟ್ಟ ರೂಢಿಯನ್ನು ಹೇಳದೆ ಮುಂದೆ ಹೋಗಲಾಗದು. ಗುಂಡಿ ತೋಡುವ ಶ್ರಮವನ್ನು ತಪ್ಪಿಸಲು ಸಾಕೆಟಿನ ಹಿಂಭಾಗದಲ್ಲಿ ತಟಸ್ಥ ಪಿನ್ನಿನಿಂದ ಭೂಸಂಪರ್ಕದ ಪಿನ್ನಿಗೆ ತುಂಡು ತಂತಿಯೊಂದನ್ನು ಬೆಸೆಯುವವರಿದ್ದಾರೆ. ಸಜೀವ ತಂತಿಗೂ ಭೂಸಂಪರ್ಕಕ್ಕೂ ನಡುವೆ ಬಲ್ಬು ಹಿಡಿದರೆ ಅದು ಪ್ರಕಾಶಮಾನವಾಗಿ ಬೆಳಗುತ್ತದೆ, ನೋಡಿದವರು ಎಲ್ಲವೂ ಸರಿಯೆಂದುಕೊಳ್ಳುತ್ತಾರೆ. ಮೂರು ದೀಪದ ಸಾಕೆಟ್ ಪರೀಕ್ಷಕವೂ ಇದನ್ನು ಸರಿಯೆಂದೇ ತೋರಿಸುತ್ತದೆ. ಆದರೆ ಗಾಳಿಮಳೆಯಲ್ಲಿ ಕಂಬದ ಮೇಲಿನ ತಟಸ್ಥ ತಂತಿ ಕಡಿದ ಗಳಿಗೆಯಲ್ಲಿ ಒಲೆಯ ಹೊರಮೈ ಸಜೀವವಾಗುತ್ತದೆ, ಅದೂ ಒಲೆಯಲ್ಲಿ ಯಾವ ದೋಷವೂ ಇಲ್ಲದೆ. ಸೋರಿದ ಪ್ರವಾಹವು ತಟಸ್ಥ ತಂತಿಯಲ್ಲಿಯೇ ಮರಳುವುದರಿಂದ ಆರ್.ಸಿ.ಸಿ.ಬಿ.ಯ ಲೆಕ್ಕದಲ್ಲಿಯೂ ವ್ಯತ್ಯಾಸ ಕಾಣಿಸದು. ಒಂದು ಗೇಣು ತಂತಿ ಎರಡು ರಕ್ಷಣೆಗಳನ್ನೂ ಒಟ್ಟಿಗೆ ಕೆಡಿಸುತ್ತದೆ.

ಇದನ್ನು ಹೊರಗೆಡಹುವುದು ಕ್ರಮಬದ್ಧ ಪರೀಕ್ಷೆ. ಮುಖ್ಯ ಸ್ವಿಚ್ಚಿನಲ್ಲಿ ಸಜೀವ, ತಟಸ್ಥ ತಂತಿಗಳೆರಡನ್ನೂ ಬೇರ್ಪಡಿಸಿ, ಒಲೆಯನ್ನು ಜೋಡಿಸುವ ಮುನ್ನ ಮೊದಲ ಅಳತೆಗಳು ನಡೆಯಬೇಕು. ಭೂಸಂಪರ್ಕ ತಂತಿಯು ಸಾಕೆಟಿನಿಂದ ಫಲಕದವರೆಗೆ ಅಖಂಡವಾಗಿದೆಯೇ ಎಂದು ನೋಡುವುದು ಮೊದಲನೆಯದು. ಅದರ ರೋಧ ಒಂದು ಓಮಿನೊಳಗಿರಬೇಕು. ಅನಂತರ ಮೆಗ್ಗರಿನಿಂದ 500 ವೋಲ್ಟ್ ಏಕಮುಖ ಒತ್ತಡ ಕೊಟ್ಟು, ಪ್ರತಿ ತಂತಿಗೂ ಭೂಸಂಪರ್ಕಕ್ಕೂ ನಡುವಿನ ಅವಾಹಕ ರೋಧವನ್ನು ಅಳೆಯಬೇಕು. ಅದು ಒಂದು ಮೆಗಾಓಮಿಗೆ ಕಡಿಮೆ ಇರಕೂಡದು. ಮೇಲೆ ಹೇಳಿದ ತುಂಡು ತಂತಿ ಸಿಕ್ಕಿಬೀಳುವುದು ಇಲ್ಲಿಯೇ. ತಟಸ್ಥಕ್ಕೂ ಭೂಸಂಪರ್ಕಕ್ಕೂ ನಡುವೆ ಮುಳ್ಳು ಸೊನ್ನೆಗೆ ಇಳಿಯುತ್ತದೆ. ಇಂಡಕ್ಷನ್ ಒಲೆಯನ್ನು ಜೋಡಿಸಿಟ್ಟು ಸಜೀವ, ತಟಸ್ಥಗಳ ನಡುವೆ ಮೆಗ್ಗರ್ ತಿರುಗಿಸಿದರೆ ಅದರ ಇಲೆಕ್ಟ್ರಾನಿಕ್ ಭಾಗಗಳು ಕೆಡಬಹುದು. ವಿದ್ಯುತ್ ಹರಿಸಿದ ಮೇಲೆ ಸಜೀವ ತಂತಿ ತನ್ನ ಸ್ಥಾನದಲ್ಲಿದೆಯೇ, ಭೂಮಾರ್ಗದ ರೋಧವೆಷ್ಟು, ಆರ್.ಸಿ.ಸಿ.ಬಿ. ಎಷ್ಟು ಮಿಲಿ ಸೆಕೆಂಡಿನಲ್ಲಿ ಬೀಳುತ್ತದೆ ಎಂಬುದನ್ನು ಉಪಕರಣದಿಂದಲೇ ನೋಡಬೇಕು. 30 ಮಿಲಿ ಆಂಪಿಯರಿಗೆ 300 ಮಿಲಿ ಸೆಕೆಂಡು ಮೀರಬಾರದು. ಇವು ಪರವಾನಗಿ ಪಡೆದ ವೈರ್‌ಮನ್ ಮಾಡಬೇಕಾದ ಕೆಲಸಗಳು. ಶಿಕ್ಷಕರು ಕೇಳಬೇಕಾದದ್ದು ಅಂಕಿಗಳನ್ನು ಬರೆದ ಕಾಗದವನ್ನು.

ಜೂನ್ ತಿಂಗಳಿನಲ್ಲಿ ಶಾಲೆ ತೆರೆದಾಗ ಕಾಣುವ ಒಂದು ಸೋಜಿಗವೂ ಉಂಟು. ರಜೆಯುದ್ದಕ್ಕೂ ಸುಮ್ಮನಿದ್ದ ಒಲೆಯನ್ನು ಹಚ್ಚಿದೊಡನೆ ಆರ್.ಸಿ.ಸಿ.ಬಿ. ಬೀಳುತ್ತದೆ. ಲೋಹದ ಕೊಳವೆಯೊಳಗಿನ ಕಾಯಿಸುವ ತಂತಿಯ ಸುತ್ತ ತುಂಬಿರುವ ಮ್ಯಾಗ್ನೀಷಿಯಂ ಆಕ್ಸೈಡ್ ಪುಡಿಯು ಗಾಳಿಯ ತೇವವನ್ನು ಹೀರಿಕೊಂಡಿರುವುದು ಸಾಮಾನ್ಯವಾದ ಕಾರಣ. ಅದನ್ನು ಒಣಗಿಸಿ ಮತ್ತೆ ಅಳೆಯಬೇಕು. ಪದೇ ಪದೇ ಬೀಳುತ್ತದೆಂದು ಬೇಸತ್ತು ಆರ್.ಸಿ.ಸಿ.ಬಿ.ಯನ್ನೇ ತಪ್ಪಿಸಿ ನೇರ ಸಂಪರ್ಕ ಕೊಡಿಸುವುದು ಅತ್ಯಂತ ಅಪಾಯಕರ.

ತೆರೆದ ಸುರುಳಿಯ ಅಗ್ಗದ ಒಲೆಗೆ ಮಾತ್ರ ಯಾವ ಪರೀಕ್ಷೆಯೂ ಪರಿಹಾರವಲ್ಲ. ಅಲ್ಲಿ ನೈಕ್ರೋಮ್ ತಂತಿ ಬಯಲಿಗೇ ಇರುತ್ತದೆ. ಮೇಲಿಟ್ಟ ಪಾತ್ರೆಯ ತಳ ಅದಕ್ಕೆ ತಾಗಿದರೆ ಪಾತ್ರೆಯೂ ಅದರೊಳಗಿನ ಸೌಟೂ ಸಜೀವವಾಗುತ್ತವೆ. ಶಾಲೆಯ ಅಡುಗೆಕೋಣೆಗೆ ಅಂಥದನ್ನು ತರಿಸಬಾರದು.

ತರಗತಿಯಲ್ಲಿ ಈ ಪಾಠಕ್ಕೆ ಒಲೆಯೂ ಬೇಡ, ಮೆಗ್ಗರೂ ಬೇಡ. ಭೂಮಾರ್ಗದ ರೋಧ 2, 20, 100 ಓಮ್ ಇದ್ದಾಗ ಪ್ರವಾಹವೆಷ್ಟು, ಯಾವ ರಕ್ಷಕ ಬೀಳುತ್ತದೆ, ಯಾವುದು ಬೀಳುವುದಿಲ್ಲ ಎಂಬ ಪಟ್ಟಿಯನ್ನು ಮಕ್ಕಳಿಂದಲೇ ಹಲಗೆಯ ಮೇಲೆ ಬರೆಯಿಸಬಹುದು. ತಮ್ಮ ಮನೆಯ ಫಲಕದಲ್ಲಿ ಪರೀಕ್ಷಾ ಗುಂಡಿಯುಳ್ಳ ಸ್ವಿಚ್ಚು ಇದೆಯೇ ಎಂದು ಯಾವುದನ್ನೂ ಮುಟ್ಟದೆ ನೋಡಿಬಂದು ಮರುದಿನ ಹೇಳುವಂತೆ ತಿಳಿಸಬಹುದು.